ಒಂದೇ ಬದಿಗೆ ಡಾಟ್ ಹಿಡಿದ ರವಿಕೆ

ಹೊಲಿಗೆ ಮಷೀನಿನ ಮುಂದೆ ಕೂತು ಕೂತು ನನ್ನ ಕತ್ತು ಎಡಕ್ಕೆ ವಾಲಿದೆ ಎಂದು ಮಗಳು ಹೇಳುತ್ತಾಳೆ. ಫೋಟೊ ತೆಗೆಯುವಾಗೆಲ್ಲ ನೇರ ನಿಂತುಕೋ ಎಂದು ಗದರುತ್ತಾಳೆ. ನನ್ನ ಲೆಕ್ಕದಲ್ಲಿ ನಾನು ನೇರವಾಗಿಯೇ ನಿಂತಿರುತ್ತೇನೆ. ವರ್ಷಗಟ್ಟಲೆ ಸೂಜಿಯ ಕೆಳಗೆ ಬಟ್ಟೆ ಸರಿಯುವುದನ್ನೇ ನೋಡಿಕೊಂಡು ಬಂದವಳಿಗೆ ಯಾವುದು ನೇರ, ಯಾವುದು ಓರೆ ಎಂಬುದು ಬಟ್ಟೆಯ ಮೇಲೆ ತಕ್ಷಣ ಗೊತ್ತಾಗುತ್ತದೆ. ಸ್ವಂತ ಮೈಯ ವಿಷಯದಲ್ಲಿ ಏನೂ ಗೊತ್ತಾಗುವುದಿಲ್ಲ. ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಂಡು ಏಳುವಾಗ ಮಾತ್ರ ಮೈ ಇದೆ ಎಂಬುದು ನೆನಪಾಗುತ್ತದೆ.

ನನ್ನ ಅಂಗಡಿ ಎಂದರೆ ಬ್ಯಾಟರಾಯನಪುರದ ಹಳೆಯ ಬಡಾವಣೆಯ ಒಂದು ಮನೆಯ ಕಾರ್ ಗ್ಯಾರೇಜು. ಮನೆಯವರು ದೊಡ್ಡ ಕಾರು ಕೊಂಡರು, ಅದು ಗ್ಯಾರೇಜಿನೊಳಗೆ ಹಿಡಿಸಲಿಲ್ಲ. ಕಾರು ಬೀದಿಗೆ ಬಂತು, ನಾನು ಒಳಗೆ ಸೇರಿಕೊಂಡೆ. ಮೋಟರ್ ಹಾಕಿಸಿದ ಒಂದು ಮಷೀನು, ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ, ಮೂಲೆಯಲ್ಲಿ ಹಳೆಯ ಸೀರೆಯನ್ನು ತಂತಿಗೆ ಇಳಿಬಿಟ್ಟು ಮಾಡಿದ ಟ್ರಯಲ್ ರೂಮು. ಏರ್‌ಪೋರ್ಟಿನ ಕಡೆಗೆ ಇಳಿಯುವ ವಿಮಾನಗಳು ತಲೆಯ ಮೇಲೇ ಹೋಗುತ್ತವೆ. ಅಷ್ಟು ಹೊತ್ತು ಗಿರಾಕಿಗಳು ಬಾಯಿ ಮುಚ್ಚಿಕೊಂಡಿರುತ್ತಾರೆ. ದಿನಕ್ಕೆ ಇನ್ನೂ ಸ್ವಲ್ಪ ಹೆಚ್ಚು ವಿಮಾನಗಳು ಬರಬಾರದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಯಾಕೆಂದರೆ ರವಿಕೆ ಹೊಲಿಸಲು ಬರುವ ಹೆಂಗಸರ ಮಾತಿಗೆ ತಲೆಬುಡ ಇರುವುದಿಲ್ಲ. ಸ್ವಲ್ಪ ಲೂಸ್ ಇರಲಿ, ಆದರೆ ಫಿಟ್ಟಿಂಗ್ ಬರಬೇಕು ಎನ್ನುತ್ತಾರೆ. ಕತ್ತು ಆಳವಾಗಿರಲಿ, ಆದರೆ ಅತ್ತೆಯ ಕಣ್ಣಿಗೆ ಬೀಳಬಾರದು ಎನ್ನುತ್ತಾರೆ. ಮೊಬೈಲಿನಲ್ಲಿ ಯಾವಳೋ ನಟಿಯ ಬೆನ್ನು ತೋರಿಸಿ, ಹೀಗೇ ಬರಬೇಕು ನೋಡಿ ಎನ್ನುತ್ತಾರೆ. ಬೆನ್ನು ಆ ನಟಿಯದು, ಅದನ್ನು ನಾನು ಹೊಲಿದುಕೊಡಲಾರೆ ಎಂದು ಬಾಯಿಯವರೆಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಎಲ್ಲರಿಗೂ ನಾಳೆಯೇ ಬೇಕು. ನನಗೂ ಒಂದು ಹಬ್ಬವಿದೆ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ನಾನು ಹೊಲಿಗೆ ಕಲಿತದ್ದು ಆರ್.ಟಿ. ನಗರದಲ್ಲಿ, ದಿನಸಿ ಅಂಗಡಿಯೊಂದರ ಮಹಡಿಯ ಮೇಲೆ ನಡೆಯುತ್ತಿದ್ದ ಕ್ಲಾಸಿನಲ್ಲಿ. ಅಲ್ಲಿನ ಮೇಡಂ ಬಟ್ಟೆ ಮುಟ್ಟಲು ಬಿಡದೆ ಎಷ್ಟೋ ವಾರ ಹಳೆಯ ಪೇಪರಿನ ಮೇಲೆಯೇ ಕತ್ತರಿ ಆಡಿಸಿದರು. ಕಚ್ಚಾ ಹೊಲಿಗೆ ಎಂದರೆ ಆಮೇಲೆ ಬಿಚ್ಚಿ ಹಾಕಲೆಂದೇ ದೂರ ದೂರ ಹಾಕುವ ಹೊಲಿಗೆ. ಅಂಚು ಮಡಿಸಿ ಹೊರಗೆ ಕಾಣದಂತೆ ಕೈಯಲ್ಲಿ ಹಾಕುವುದು ಹೆಮ್ಮಿಂಗ್. ಗುಂಡಿ ತೂರಿಸುವ ತೂತಿನ ಸುತ್ತ ದಾರ ಸುತ್ತಿದರೆ ಕಾಜ. ಇದೆಲ್ಲ ಬೇಗ ಬಂತು. ಬೆವರು ಇಳಿಸಿದ್ದು ಡಾಟ್. ಬಟ್ಟೆಯನ್ನು ಉದ್ದ ತ್ರಿಕೋನವಾಗಿ ಮಡಿಸಿ, ಅಗಲವಾದ ಕಡೆಯಿಂದ ಹೊಲಿಯುತ್ತ ಹೋಗಿ ತುದಿಯಲ್ಲಿ ಏನೂ ಇಲ್ಲದಂತೆ ಮುಗಿಸಬೇಕು. ಚಪ್ಪಟೆ ಬಟ್ಟೆಗೆ ಎದೆಯ ಉಬ್ಬು ಬರುವುದೇ ಡಾಟ್‌ನಿಂದ. ತುದಿ ಸ್ವಲ್ಪ ಮುಂದೆ ಹೋದರೂ ಅಲ್ಲೊಂದು ಮೂತಿ ಎದ್ದು ನಿಲ್ಲುತ್ತದೆ, ಹಾಕಿಕೊಂಡವಳು ಬೀದಿಯಲ್ಲಿ ತಲೆ ಎತ್ತುವಂತಿಲ್ಲ.

ಎಲ್ಲಕ್ಕಿಂತ ಮೇಲೆ ಮೇಡಂ ನಮ್ಮ ತಲೆಯಲ್ಲಿ ತುರುಕಿದ ಒಂದು ನಿಯಮವಿತ್ತು. ಬಟ್ಟೆಯನ್ನು ಎರಡಾಗಿ ಮಡಿಸದೆ ಕತ್ತರಿ ಇಡಕೂಡದು. ಮಡಿಸಿ ಕತ್ತರಿಸಿದರೆ ಎಡಗಡೆ ಹೇಗೋ ಬಲಗಡೆಯೂ ಹಾಗೆಯೇ ಬರುತ್ತದೆ. ಹೊಲಿದಾದ ಮೇಲೂ ಹುಕ್ಕಿನ ಪಟ್ಟಿಯ ಮೇಲೆ ರವಿಕೆಯನ್ನು ಮಡಿಸಿ, ಎರಡು ಬದಿಗಳೂ ಒಂದರ ಮೇಲೊಂದು ಕೂರುತ್ತವೆಯೇ ಎಂದು ನೋಡಿಯೇ ಅವರು ಪಾಸು ಮಾಡುತ್ತಿದ್ದದ್ದು. ಆಮೇಲೆ ಯಶವಂತಪುರದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ತೋಳು ಕೂಡಿಸುವ ಕೆಲಸಕ್ಕಿದ್ದಾಗಲೂ ಅದೇ ಪಾಠ. ಎಡತೋಳು, ಬಲತೋಳು, ಎಡತೋಳು, ಬಲತೋಳು. ಕೈಗೆ ಅದು ಹೇಗೆ ಅಂಟಿಕೊಂಡಿತೆಂದರೆ ಮನೆಯಲ್ಲಿ ಕರವಸ್ತ್ರ ಮಡಿಸಿದರೂ ಅಂಚಿಗೆ ಅಂಚು ಕೂರಿಸದೆ ನನಗೆ ಸಮಾಧಾನವಿಲ್ಲ.

ಇನ್ನು ಅಳತೆಯ ವಿಷಯ. ನಮ್ಮ ಕಡೆ ರವಿಕೆ ಹೊಲಿಸುವವರು ಮೈಗೆ ಟೇಪು ಹಿಡಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಸರಿಯಾಗಿ ಕೂರುವ ಒಂದು ರವಿಕೆ ಇರುತ್ತದಲ್ಲ, ಅದನ್ನು ಹೊಸ ಬಟ್ಟೆಯ ಜೊತೆ ತಂದು ಕೊಡುತ್ತಾರೆ. ಅದೇ ಅಳತೆ ರವಿಕೆ. ನಾನು ಅದನ್ನು ಒಳಹೊರಗೆ ಮಾಡಿ ಮೇಜಿನ ಮೇಲೆ ಹರಡಿ, ಭುಜ, ಎದೆಸುತ್ತು, ಕಂಕುಳ ಸುತ್ತು, ಉದ್ದ ಎಲ್ಲವನ್ನೂ ಅದರ ಮೇಲೆಯೇ ಅಳೆದುಕೊಳ್ಳುತ್ತೇನೆ. ಅವರಿಗೂ ಸಂಕೋಚವಿಲ್ಲ, ನನಗೂ ಬೇಗ ಆಗುತ್ತದೆ. ಆದರೆ ಒಂದು ಮಾತು ಹೇಳಬೇಕು. ಯಾವ ಹೆಂಗಸೂ ಈ ವರ್ಷದ ರವಿಕೆಯನ್ನು ಅಳತೆಗೆ ತರುವುದಿಲ್ಲ. ತಾನು ಚೆನ್ನಾಗಿ ಕಾಣುತ್ತಿದ್ದ ಕಾಲದ್ದೇ ತರುತ್ತಾಳೆ. ಒಳಗೆ ಬಿಟ್ಟ ಬಟ್ಟೆಯಲ್ಲಿ ಸ್ವಲ್ಪ ಬಿಚ್ಚಿ ಸರಿಮಾಡಿಕೊಡುವುದು ನಮ್ಮ ಕೆಲಸದ್ದೇ ಒಂದು ಭಾಗ. ಮೈ ಮತ್ತು ಅಳತೆ ರವಿಕೆ ಬೇರೆ ಬೇರೆ ಮಾತಾಡಿದರೆ ಟೈಲರ್ ರವಿಕೆಯನ್ನೇ ನಂಬುತ್ತಾಳೆ. ಮೈಯನ್ನು ಅವಳು ನೋಡಿಯೇ ಇರುವುದಿಲ್ಲ.

ಟೀಚರ್ ರವಿಕೆಯೂ ಹಾಗೆಯೇ ನನ್ನ ಅಂಗಡಿಗೆ ಬಂದದ್ದು.

ಅವರು ನಮ್ಮ ಹಿಂದಿನ ಬೀದಿಯಲ್ಲಿದ್ದರು. ವಿಜಯಪುರದ ಕಡೆಯವರು, ಗಂಡನಿಗೆ ಜಾಲಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಇವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ನನ್ನ ಗಿರಾಕಿಗಳಲ್ಲಿ ನನಗೆ ತಲೆನೋವು ಕೊಡದಿದ್ದವರು ಅವರೊಬ್ಬರೇ ಇರಬೇಕು. ಕಾಟನ್ ಸೀರೆ, ಮೊಣಕೈವರೆಗಿನ ತೋಳು, ದುಂಡು ಕತ್ತು. ಮೊಬೈಲು ಇಲ್ಲ, ನಟಿ ಇಲ್ಲ. ಪ್ರತಿ ವರ್ಷ ಶಾಲೆ ತೆರೆಯುವ ಮುಂಚೆ ಮೂರು ರವಿಕೆ ಹೊಲಿಸಿಕೊಂಡು ಹೋದರೆ ಮತ್ತೆ ದಸರೆಯವರೆಗೆ ಮುಖ ತೋರಿಸುತ್ತಿರಲಿಲ್ಲ. ನಡುವೆ ಒಂದು ವರ್ಷ ಅವರು ಬರಲೇ ಇಲ್ಲ. ಶಾಲೆಗೂ ಹೋಗುತ್ತಿಲ್ಲವಂತೆ, ಊರಿಗೆ ಹೋಗಿದ್ದಾರಂತೆ ಎಂದು ಬೀದಿಯವರು ಹೇಳಿದರು. ಜಾಂಡೀಸ್ ಅಂತೆ ಎಂದೂ ಒಬ್ಬರು ಹೇಳಿದರು. ನಾನು ಹೆಚ್ಚು ವಿಚಾರಿಸಲಿಲ್ಲ. ಬೇರೆಯವರ ಮನೆಯ ವಿಷಯಕ್ಕೆ ತಲೆ ಹಾಕುವಷ್ಟು ತ್ರಾಣ ನನಗೆ ಉಳಿದಿರುವುದಿಲ್ಲ.

ಹೋದ ಬೇಸಿಗೆಯ ಕೊನೆಗೆ ಒಂದು ಮಧ್ಯಾಹ್ನ ಬಂದು ನಿಂತರು. ಸೊರಗಿ ಹೋಗಿದ್ದರು. ಸೆರಗನ್ನು ತಲೆಯ ಮೇಲೆ ಹೊದ್ದಿದ್ದರು. ಅವರ ಊರಿನ ಕಡೆ ಹೆಂಗಸರು ಹಾಗೆ ಹೊದೆಯುವುದನ್ನು ನೋಡಿದ್ದೆ, ಊರಿನಲ್ಲಿ ಬಹಳ ದಿನ ಇದ್ದು ಅಭ್ಯಾಸವಾಗಿರಬೇಕು ಎಂದುಕೊಂಡೆ. ಎಂದಿನಂತೆ ಮೂರು ಬಟ್ಟೆ, ಜೊತೆಗೆ ಹಳೆಯ ಅಳತೆ ರವಿಕೆ. ನೀವು ಇಳಿದಿದ್ದೀರಿ ಟೀಚರ್, ಈ ಸಲ ಟೇಪು ಹಿಡಿಯೋಣ ಎಂದೆ. ಬೇಡ, ಅಳತೆ ಹಳೆಯದೇ ಇರಲಿ, ಶಾಲೆ ಶುರುವಾದರೆ ಮೈ ಮತ್ತೆ ಬರುತ್ತದೆ ಎಂದರು. ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದರು. ನಾನು ಒಂದನ್ನು ಮಾತ್ರ ಮೊದಲು ಹೊಲಿದೆ, ಸರಿ ಹೋದರೆ ಉಳಿದದ್ದು ಎಂದು.

ಸರಿ ಹೋಗಲಿಲ್ಲ. ಬಲಗಡೆ ಲೂಸಾಗಿದೆ ಎಂದು ತಂದುಕೊಟ್ಟರು. ಬಲಗಡೆ ಲೂಸಾದರೆ ಎಡಗಡೆಯೂ ಆಗಿರಲೇಬೇಕು ಎಂದು ನಾನು ಎರಡೂ ಪಕ್ಕದ ಹೊಲಿಗೆ ಒಳಕ್ಕೆ ತೆಗೆದೆ. ಮತ್ತೆ ಬಂದರು. ಈಗ ಎಡಗಡೆ ಬಿಗಿ, ಬಲತೋಳು ಬಿಗಿ, ಬಲಗಡೆ ಎದೆ ಮಾತ್ರ ಇನ್ನೂ ಲೂಸು. ಇದೆಂಥ ಮೈ ಎಂದು ನನಗೆ ರೇಗಿತು. ಹೊರಗೆ ಬಿಸಿಲು, ಒಳಗೆ ಕರೆಂಟ್ ಇಲ್ಲ, ಮೇಜಿನ ಮೇಲೆ ಒಂದು ಮದುವೆ ಮನೆಯ ರವಿಕೆಗಳ ರಾಶಿ. ಹಾಕಿಕೊಂಡು ತೋರಿಸದಿದ್ದರೆ ಗಾಳಿಯಲ್ಲಿ ಹೊಲಿಯುವುದಕ್ಕೆ ನನಗೆ ಬರುವುದಿಲ್ಲ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ.

ಅವರು ರವಿಕೆ ತೆಗೆದುಕೊಂಡು ಪರದೆಯ ಹಿಂದೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಆಯಿತೇ ಎಂದು ಕೇಳಿದೆ. ಷಟರ್ ಅರ್ಧ ಇಳಿಸಿ ಒಳಗೆ ಬನ್ನಿ ಎಂದರು. ಇಳಿಸಿ ಹೋದೆ. ಸೆರಗು ಕೆಳಗೆ ಬಿದ್ದಿತ್ತು. ರವಿಕೆಯ ಹುಕ್ಕು ಹಾಕಿದ್ದರು. ಎಡಗಡೆ ಎಲ್ಲ ಸರಿಯಿತ್ತು. ಬಲಗಡೆ ನಾನು ಅಷ್ಟು ಜತನದಿಂದ ಹಿಡಿದ ಡಾಟ್‌ಗಳು ಒಳಗೆ ಏನೂ ಇಲ್ಲದೆ ಕುಸಿದು ನೆರಿಗೆಯಾಗಿ ಬಿದ್ದಿದ್ದವು. ತಲೆಯ ಮೇಲೆ ಬೆರಳುದ್ದದ ಕೂದಲು.

‘ಒಂದ್ ತೆಗದಾರ್ರಿ ಅಕ್ಕಾ,’ ಎಂದರು.

ಇದನ್ನು ಮುಚ್ಚಿಡುವುದಿಲ್ಲ, ನನಗೆ ಮೊದಲು ಬಂದದ್ದು ಕನಿಕರವಲ್ಲ, ಭಯ. ನನ್ನ ಕೈ ತಾನಾಗಿಯೇ ನನ್ನ ಎದೆಯ ಮೇಲೆ ಹೋಯಿತು, ಅದನ್ನು ಅವರು ನೋಡಿದರು. ಆಮೇಲೆ ನೋವಿದೆಯೇ ಎಂದು ಕೇಳಿದೆ. ನೋವು ಹೋಗಿದೆ, ಜೋಮು ಉಳಿದಿದೆ ಎಂದರು. ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದಿದ್ದಾರಂತೆ, ಅದಕ್ಕೇ ಬಲತೋಳು ಊದಿಕೊಳ್ಳುತ್ತದಂತೆ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ನಾನೂ ಕುಡಿದೆ.

ಶಾಲೆಯಲ್ಲಿ ಯಾರಿಗೂ ಹೇಳಿಲ್ಲವಂತೆ. ಜಾಂಡೀಸ್ ಸುದ್ದಿ ಹಬ್ಬಿಸಿದ್ದು ಅವರೇ. ಇನ್ನೂ ಒಂದು ವರ್ಷ ಮನೆಯಲ್ಲಿರು ಎಂದು ಗಂಡ ಹೇಳುತ್ತಾರಂತೆ. ಎಂದೂ ಹೆಚ್ಚು ಮಾತಾಡದಿದ್ದ ಹೆಂಗಸು ಅವತ್ತು ಮಾತಾಡಿದರು. ಬೋರ್ಡಿನ ಮೇಲೆ ಬರೆಯುವುದು ಬಲಗೈಯಲ್ಲಿ, ಸೆರಗು ಇರುವುದು ಎಡಭುಜದ ಮೇಲೆ. ಆದದ್ದು ಎಡಗಡೆಯಾಗಿದ್ದರೆ ಸೆರಗು ಮುಚ್ಚುತ್ತಿತ್ತು. ಬಲಗೈ ಮೇಲೆತ್ತಿ ನಿಂತರೆ ಇಡೀ ಕ್ಲಾಸಿಗೆ ಕಾಣುವುದೇ ಆ ಬದಿ.

‘ಒಂಬತ್ತನೇ ಕ್ಲಾಸಿನ ಹುಡುಗ್ರ ಕಣ್ಣು ಎಲ್ಲಿ ಹೋಗ್ತಾವ ಅಂತ ನಂಗ ಗೊತ್ತೈತಿ. ಆದ್ರ ಈ ಸಲ ಸಾಲಿ ಚಾಲೂ ಆದಾಗ ಹೋಗಲಿಲ್ಲಂದ್ರ, ಮತ್ತ ನಾ ಎಂದೂ ಹೋಗೂದಿಲ್ಲ.’

ಅದನ್ನು ಹೇಳಿದ್ದು ಅಳುತ್ತಲೂ ಅಲ್ಲ, ರೋಷದಲ್ಲೂ ಅಲ್ಲ. ದಣಿದವರು ಬಸ್ ನಂಬರ್ ಹೇಳುವ ಹಾಗೆ ಹೇಳಿದರು. ನನಗೆ ಅರ್ಥವಾಯಿತು. ಒಮ್ಮೆ ಕೂತರೆ ಮತ್ತೆ ಏಳುವುದು ಎಷ್ಟು ಕಷ್ಟ ಎಂಬುದು ದಿನವೂ ಸಂಜೆ ಸ್ಟೂಲಿನಿಂದ ಏಳುವವಳಿಗೆ ಚೆನ್ನಾಗಿ ಗೊತ್ತು. ಮದುವೆ ಮನೆಯವರ ರಾಶಿಯನ್ನು ಪಕ್ಕಕ್ಕೆ ಸರಿಸಿದೆ. ಅವರು ಬಾಯಿಗೆ ಬಂದದ್ದು ಅನ್ನಲಿ ಎಂದುಕೊಂಡೆ.

ಮೊದಲು ನನಗೆ ಹೊಳೆದದ್ದು ಎಲ್ಲರಿಗೂ ಹೊಳೆಯುವುದೇ. ಇಲ್ಲದ್ದನ್ನು ಇದ್ದಂತೆ ಕಾಣಿಸುವುದು. ಆಸ್ಪತ್ರೆಯಲ್ಲಿ ಕೊಟ್ಟ ರಬ್ಬರಿನಂಥ ಒಂದು ಅಚ್ಚು ಅವರ ಬಳಿ ಇತ್ತು. ಸೆಖೆಗೆ ಬೆವರಿ ಜಾರುತ್ತದೆ, ಗಾಯದ ಮೇಲೆ ಉಜ್ಜುತ್ತದೆ ಎಂದು ಡಬ್ಬಿಯಲ್ಲೇ ಇಟ್ಟಿದ್ದರು. ಮಗಳು ಮೊಬೈಲಿನಲ್ಲಿ ಹುಡುಕಿ, ಮೆತ್ತನೆಯ ಬಟ್ಟೆಚೀಲಕ್ಕೆ ಕಾಳು ತುಂಬಿಯೂ ಮಾಡುತ್ತಾರಂತೆ ಎಂದಳು. ಹಾಗಾಗಿ ಹಳೆಯ ಪಂಚೆಯ ತುಂಡಿನಲ್ಲಿ ದುಂಡನೆಯ ಚೀಲ ಹೊಲಿದು ಅದರಲ್ಲಿ ಸಾಸಿವೆ ತುಂಬಿದೆ. ರವಿಕೆಯ ಒಳಪದರದ ಲೈನಿಂಗ್ ಬಟ್ಟೆಯಲ್ಲಿ ಬಲಗಡೆ ಒಂದು ಜೇಬು ಮಾಡಿ, ಚೀಲವನ್ನು ಅದರಲ್ಲಿ ಕೂರಿಸಿದೆ. ಟೀಚರ್ ಹಾಕಿಕೊಂಡು ಬಂದು ನಿಂತಾಗ ನನಗೇ ಹೆಮ್ಮೆಯಾಯಿತು. ಎರಡು ಬದಿಯೂ ಒಂದೇ ಸಮ. ಆರ್.ಟಿ. ನಗರದ ಮೇಡಂ ಇದ್ದಿದ್ದರೆ ಪಾಸು ಮಾಡುತ್ತಿದ್ದರು.

ಕೈ ಎತ್ತಿ ನೋಡಿ ಎಂದೆ. ರವಿಕೆ ಸರಿಯಾಗಿದೆಯೇ ಎಂದು ನೋಡುವುದಕ್ಕೆ ನಾವು ಎಲ್ಲರಿಗೂ ಹೇಳುವ ಮಾತು ಅದು. ಅವರು ಕೈ ಎತ್ತಿದರು. ಜೇಬು ಎದ್ದಿತು, ಜೇಬಿನ ಜೊತೆ ಸಾಸಿವೆ ಚೀಲವೂ ಎದ್ದು ಹೆಚ್ಚುಕಡಿಮೆ ಕುತ್ತಿಗೆಯ ಎಲುಬಿನ ಹತ್ತಿರ ಹೋಗಿ ಕೂತಿತು. ಕೈ ಇಳಿಸಿದರೆ ಇಳಿಯುತ್ತದೆ, ಅದೂ ಸ್ವಲ್ಪ ತಡವಾಗಿ. ಮೊದಲು ನಕ್ಕವರು ಟೀಚರ್. ಆಮೇಲೆ ನಾನೂ ತಡೆಯಲಾರದೆ ನಕ್ಕೆ. ಕೊನೆಗೆ ಇಬ್ಬರೂ ಸುಸ್ತಾಗಿ ಕೂತೆವು. ಪಟ್ಟಿ ಕೊಟ್ಟು ಕಟ್ಟಿ ನಿಲ್ಲಿಸುತ್ತೇನೆ, ಕೆಳಗೆ ಎಲಾಸ್ಟಿಕ್ ಕೊಡುತ್ತೇನೆ ಎಂದೆಲ್ಲ ನಾನು ಹೇಳುತ್ತಿದ್ದೆ. ಅವರು ಚೀಲವನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟರು.

‘ಬ್ಯಾಡ್ರಿ ಅಕ್ಕಾ. ನಾ ಹೆಂಗ್ ಅದೀನೋ ಹಂಗ ಹೊಲೀರಿ.’

ನಾನು ಒಪ್ಪಲಿಲ್ಲ. ಜನ ನೋಡುತ್ತಾರೆ, ಗೊತ್ತಾಗುತ್ತದೆ, ಇಷ್ಟೆಲ್ಲ ಮುಚ್ಚಿಟ್ಟದ್ದು ಯಾತಕ್ಕೆ ಎಂದು ವಾದಿಸಿದೆ. ಗೊತ್ತಾಗುವುದಾದರೆ ಗೊತ್ತಾಗಲಿ ಎಂದರು. ಬೋರ್ಡಿನ ಕಡೆ ತಿರುಗಿ ನಿಂತಾಗೆಲ್ಲ ಅದು ಎಲ್ಲಿ ಹೋಯಿತು ಎಂದು ತಡವಿಕೊಳ್ಳುತ್ತ ನಿಲ್ಲುವುದಕ್ಕೆ ತಮ್ಮಿಂದ ಆಗುವುದಿಲ್ಲವಂತೆ. ಜೋಲು ಬಿದ್ದ ರವಿಕೆ ನೋಡಿದರೆ ಏನೋ ಕಳೆದುಹೋಗಿದೆ ಎನ್ನಿಸುತ್ತದೆ, ಮೈಗೆ ಸರಿಯಾಗಿ ಕೂತರೆ ಇರುವುದೇ ಹೀಗೆ ಎನ್ನಿಸುತ್ತದೆ, ಅಷ್ಟೇ ತಮಗೆ ಬೇಕಾಗಿರುವುದು ಎಂದರು. ಒಂದು ವರ್ಷದಿಂದ ಸುಳ್ಳು ಹೇಳಿ ಹೇಳಿ ಸಾಕಾಗಿದೆ ಎಂದೂ ಸೇರಿಸಿದರು. ಸುಸ್ತಾದವರ ಜೊತೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ನಾನೂ ಸುಸ್ತಾಗಿದ್ದೆ.

ಅವತ್ತು ಅವರ ಮೈಗೆ ಟೇಪು ಹಿಡಿದೆ. ಎಡಗಡೆ ಭುಜದಿಂದ ಸೊಂಟದವರೆಗೆ ಒಂದು ಅಳತೆ, ಬಲಗಡೆ ಬೇರೆಯೇ ಅಳತೆ. ಉಬ್ಬು ಇಲ್ಲದ ಬದಿಯಲ್ಲಿ ಬಟ್ಟೆ ಏರಿ ಇಳಿಯಬೇಕಾಗಿಲ್ಲವಲ್ಲ, ಹಾಗಾಗಿ ಉದ್ದ ಕಡಿಮೆ ಸಾಕು. ಗಾಯದ ಗೆರೆ ಕಂಕುಳಿನಿಂದ ಎದೆಯ ನಡುವಿನವರೆಗೆ ಹೋಗಿತ್ತು. ಅದರ ಮೇಲೆ ಎಲ್ಲೂ ಹೊಲಿಗೆ ಬರಕೂಡದು ಎಂದು ಲೈನಿಂಗ್ ಬಟ್ಟೆಯನ್ನು ಮೈಗೆ ಹಿಡಿದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡೆ. ನನ್ನ ಬೆರಳು ತಾಗಿದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಎಲ್ಲಿ ಮುಟ್ಟುತ್ತಿದ್ದೇನೆ ಎಂದು ಬಾಯಲ್ಲಿ ಹೇಳುತ್ತ ಹೇಳುತ್ತ ಅಳೆದೆ.

ಮಾರನೆಯ ದಿನ ಬೆಳಿಗ್ಗೆ ಉಳಿದ ಎರಡು ಬಟ್ಟೆಗಳಲ್ಲಿ ಒಂದನ್ನು ಹರಡಿಕೊಂಡು ನಿಂತೆ. ಬಿಳಿಯ ಮೇಲೆ ಸಣ್ಣ ನೀಲಿ ಗೆರೆಯ ಕಾಟನ್. ಮಡಿಸುವಂತಿಲ್ಲ. ಎರಡು ಬದಿ ಎರಡು ತರ, ಒಂದೊಂದನ್ನೇ ಬಿಡಿಯಾಗಿ ಕತ್ತರಿಸಬೇಕು. ಕತ್ತರಿ ಹಿಡಿದ ಕೈ ಮುಂದೆ ಹೋಗಲೇ ಒಲ್ಲದು. ಬಟ್ಟೆ ಒಂದೇ ಪದರವಾಗಿ ಬಿದ್ದಿರುವುದನ್ನು ನೋಡಿ ಏನೋ ಮರೆತಿದ್ದೇನೆ ಎಂದೇ ಅನ್ನಿಸುತ್ತಿತ್ತು. ಎರಡು ಸಲ ಮಡಿಸಿ ಮತ್ತೆ ಬಿಡಿಸಿದೆ. ಕೊನೆಗೆ ಒಂದು ಲೋಟ ಕಾಫಿ ಕುಡಿದು ಬಂದು, ಯೋಚನೆ ಮಾಡದೆ ಬಲಗಡೆಯಿಂದಲೇ ಶುರು ಮಾಡಿದೆ.

ಎಡಮುಂಭಾಗಕ್ಕೆ ಎಂದಿನ ಹಾಗೆ ಡಾಟ್ ಹಿಡಿದೆ. ಕೆಳಗಿನಿಂದ ಒಂದು, ಕಂಕುಳ ಕಡೆಯಿಂದ ಒಂದು, ಹುಕ್ಕಿನ ಪಟ್ಟಿಯ ಕಡೆಯಿಂದ ಒಂದು. ಬಲಮುಂಭಾಗಕ್ಕೆ ಯಾವುದೂ ಇಲ್ಲ, ನೇರ ಬಟ್ಟೆ, ಮಕ್ಕಳ ಅಂಗಿಯ ಮುಂಭಾಗದ ಹಾಗೆ. ಡಾಟ್ ಇಲ್ಲದ ಕಡೆ ಕತ್ತಿನ ಅಂಚು ಬಾಯಿ ಬಿಡುತ್ತಿತ್ತು, ಭುಜದ ಹೊಲಿಗೆಯಲ್ಲಿ ಒಂದಿಷ್ಟು ಹೀರಿಕೊಂಡು ಸರಿ ಮಾಡಿದೆ. ಬಲತೋಳನ್ನು ಊತಕ್ಕೆ ತಕ್ಕಂತೆ ಅಗಲ ಮಾಡಿದೆ. ಕೈ ಎತ್ತಿದರೂ ರವಿಕೆ ಮೇಲೇಳಬಾರದೆಂದು ಬಲಕಂಕುಳಲ್ಲಿ ನಾಲ್ಕು ಮೂಲೆಯ ಸಣ್ಣ ತುಂಡೊಂದನ್ನು ಕೂಡಿಸಿದೆ. ಹಳೆಯ ಕಾಲದ ಗಂಡಸರ ಜುಬ್ಬಗಳಲ್ಲಿ ಹಾಗೆ ಕೊಡುತ್ತಿದ್ದರು, ಕೈ ಎಷ್ಟು ಎತ್ತಿದರೂ ಅಂಗಿ ಎಳೆಯುತ್ತಿರಲಿಲ್ಲ. ಒಳಗಿನ ಹೊಲಿಗೆಯ ಅಂಚುಗಳು ಗಾಯಕ್ಕೆ ಚುಚ್ಚದಂತೆ ಮೆತ್ತನೆಯ ಮಲ್ ಬಟ್ಟೆಯ ಪಟ್ಟಿಯನ್ನು ಓರೆಯಾಗಿ ಕತ್ತರಿಸಿ ಸುತ್ತಿ, ಕೈಯಲ್ಲೇ ಹೆಮ್ಮಿಂಗ್ ಮಾಡಿದೆ. ಎಲ್ಲವೂ ಮೊದಲು ಕಚ್ಚಾ ಹೊಲಿಗೆಯಲ್ಲೇ. ಮಷೀನಿನ ಹೊಲಿಗೆ ಹಾಕಿ ಬಿಚ್ಚುವ ಧೈರ್ಯ ನನಗಿರಲಿಲ್ಲ.

ಮುಗಿದ ಮೇಲೆ ಹುಕ್ಕಿನ ಪಟ್ಟಿಯ ಮೇಲೆ ಅದನ್ನು ಮಡಿಸಿ ನೋಡಿದೆ. ಒಂದು ಬದಿ ಉಬ್ಬಿ, ಇನ್ನೊಂದು ಬದಿ ಮಲಗಿ, ಯಾವ ಅಂಚೂ ಯಾವ ಅಂಚಿಗೂ ಸೇರುವುದಿಲ್ಲ. ಮೇಜಿನ ಮೇಲೆ ಬಿದ್ದಿದ್ದರೆ ಕಲಿಯಲು ಬಂದ ಹುಡುಗಿ ಯಾರೋ ಹಾಳು ಮಾಡಿದ್ದಾಳೆ ಎಂದೇ ಅನ್ನಬೇಕು. ಬಟ್ಟೆ ತೆಗೆದುಕೊಳ್ಳಲು ಬಂದಿದ್ದ ಮದುವೆ ಮನೆಯಾಕೆ ಅದನ್ನು ಎತ್ತಿ ನೋಡಿ, ಇದೇನು ಹೀಗಿದೆ ಎಂದಳು. ಅವಳ ಕೈಯಿಂದ ಕಿತ್ತುಕೊಂಡು, ನಿಮ್ಮದು ನಾಡಿದ್ದು ಆಗುತ್ತದೆ ಎಂದೆ. ನನಗೆ ಕೆಟ್ಟ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಶಾಲೆ ತೆರೆಯುವುದಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಟೀಚರ್ ಬಂದರು. ಷಟರ್ ಅರ್ಧ ಇಳಿಸಿದೆ. ಪರದೆಯ ಹಿಂದಿನಿಂದ ಅವರು ಸೀರೆ ಸರಿಯಾಗಿ ಉಟ್ಟುಕೊಂಡೇ ಹೊರಗೆ ಬಂದರು, ಸೆರಗು ಎಡಭುಜದ ಮೇಲೆ, ಪಿನ್ ಹಾಕಿ. ತಲೆಯ ಮೇಲೆ ಹೊದ್ದಿರಲಿಲ್ಲ. ಬಲಬದಿ ಚಪ್ಪಟೆಯಾಗಿತ್ತು. ಚಪ್ಪಟೆಯಾಗಿ, ಸುಕ್ಕಿಲ್ಲದೆ, ಮೈಗೆ ಕೂತಿತ್ತು. ನೋಡಿದರೆ ತಿಳಿಯುತ್ತಿತ್ತು, ತಿಳಿಯುವುದಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ನೆರಿಗೆ ಬಿದ್ದ ರವಿಕೆಯಲ್ಲಿ ಮೊದಲ ದಿನ ನಾನು ಕಂಡ ಹೆಂಗಸು ಇವರಾಗಿರಲಿಲ್ಲ.

ಕೈ ಎತ್ತಿ ನೋಡಿ ಎಂದೆ. ಸುಮ್ಮನೆ ಕೈ ಎತ್ತಿದರೆ ಏನು ತಿಳಿಯುತ್ತದೆ ಎಂದು ಅವರು ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಕಡೆ ಹೋದರು. ಗ್ಯಾರೇಜಿನ ಗೋಡೆಗೆ ಎಂದೋ ಹಸಿರು ಬಣ್ಣ ಬಳಿದಿದ್ದರು. ಎಟುಕುವಷ್ಟು ಮೇಲೆ, ಬೋರ್ಡಿನ ಮೇಲಂಚಿನಲ್ಲಿ ಬರೆಯುವ ಹಾಗೆ, ‘ವಿಷಯ: ಗಣಿತ’ ಎಂದು ಬರೆದರು. ಅದರ ಕೆಳಗೆ ಒಂದು ಲೆಕ್ಕ ಶುರು ಮಾಡಿದರು. ನಾನು ಲೆಕ್ಕ ನೋಡಲಿಲ್ಲ. ರವಿಕೆಯ ಕೆಳಗಿನ ಅಂಚನ್ನೇ ನೋಡುತ್ತಿದ್ದೆ. ಕೈ ಮೇಲೆ ಹೋಯಿತು, ಪಕ್ಕಕ್ಕೆ ಸರಿಯಿತು, ಮತ್ತೆ ಮೇಲೆ ಹೋಯಿತು. ಅಂಚು ಕದಲಲಿಲ್ಲ. ಕಂಕುಳಲ್ಲಿ ಎಳೆಯಲಿಲ್ಲ. ಅವರು ಒಮ್ಮೆಯೂ ಬಲಗಡೆ ಮುಟ್ಟಿ ನೋಡಿಕೊಳ್ಳಲಿಲ್ಲ. ಬಹಳ ದಿನಗಳ ಮೇಲೆ ನನಗೆ ನನ್ನ ಕೆಲಸದ ಬಗ್ಗೆ ಸಂತೋಷವಾಯಿತು.

ಎರಡನೆಯ ಸಾಲಿನಲ್ಲಿ ಅಕ್ಷರ ನಡುಗತೊಡಗಿತು. ಮೂರನೆಯ ಸಾಲು ಕೆಳಕ್ಕೆ ಜಾರಿತು. ಆಮೇಲೆ ಕೈ ತಾನಾಗಿಯೇ ಇಳಿಯಿತು, ಸೀಮೆಸುಣ್ಣ ನೆಲಕ್ಕೆ ಬಿತ್ತು. ಅವರು ಇನ್ನೊಂದು ಕೈಯಲ್ಲಿ ಬಲಭುಜ ಒತ್ತಿಕೊಂಡು ಗೋಡೆಗೆ ಒರಗಿದರು. ಮುಖದಲ್ಲಿ ಬೆವರು.

‘ಬ್ಲೌಸ್ ಭಾಳ ಛಲೋ ಆಗೈತ್ರಿ,’ ಎಂದರು. ‘ಕೈನ ಏಳವಲ್ದು.’

ನನ್ನ ಸಂತೋಷ ಅಲ್ಲಿಗೆ ಇಳಿಯಿತು. ಇಷ್ಟು ದಿನ ನಾವಿಬ್ಬರೂ ಬಟ್ಟೆಯ ಬಗ್ಗೆ ಮಾತ್ರ ಯೋಚಿಸಿದ್ದೆವು. ಕೈಗೆ ಮಾಡುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಡಾಕ್ಟರು ದಿನವೂ ಗೋಡೆಯ ಮೇಲೆ ಬೆರಳು ಹತ್ತಿಸಲು ಹೇಳಿದ್ದಾರಂತೆ, ಹತ್ತಿಸುತ್ತಲೇ ಇದ್ದಾರಂತೆ, ಇಷ್ಟೇ ಬರುವುದಂತೆ. ಸ್ಟೂಲು ಎಳೆದುಕೊಟ್ಟೆ. ಕೂತು ಗೋಡೆಯ ಮೇಲಿನ ಆ ಮೂರು ಸಾಲುಗಳನ್ನೇ ನೋಡುತ್ತಿದ್ದರು. ಹೊರಗೆ ತರಕಾರಿಯವನು ಕೂಗಿಕೊಂಡು ಹೋದ. ಇನ್ನೊಂದು ವರ್ಷ ಬಿಟ್ಟು ಹೋದರೆ ಆಗದೇ ಟೀಚರ್ ಎಂದು ನಾನೇ ಕೇಳಿದೆ. ಕೇಳಬಾರದಿತ್ತೇನೋ, ಆದರೆ ಆ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅವರು ಎದ್ದು ಹೋಗಿ ನೆಲದ ಮೇಲಿದ್ದ ಸೀಮೆಸುಣ್ಣ ಎತ್ತಿಕೊಂಡು ಮತ್ತೆ ಗೋಡೆಯ ಮುಂದೆ ನಿಂತರು. ಈ ಸಲ ಮೊಣಕೈ ಪಕ್ಕೆಗೆ ಆನಿಸಿ, ಎದೆಯ ಮಟ್ಟಕ್ಕಿಂತ ಕೆಳಗೆ ಬರೆಯತೊಡಗಿದರು. ಲೆಕ್ಕದ ಉಳಿದ ಸಾಲುಗಳು ಒಂದೊಂದಾಗಿ ಬಂದವು. ಕೆಳಗೆ ಕೆಳಗೆ ಹೋಗುತ್ತ ಕೊನೆಗೆ ಸೊಂಟ ಬಗ್ಗಿಸಿ ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದರು. ಅಕ್ಷರಗಳು ನೆಟ್ಟಗಿದ್ದವು.

ಅಷ್ಟು ಕೆಳಗೆ ಬರೆದರೆ ಹಿಂದಿನ ಬೆಂಚಿನವರಿಗೆ ಕಾಣುವುದಿಲ್ಲವಲ್ಲ ಎಂದೆ.

‘ಕಾಣಲಿಲ್ಲಂದ್ರ ಎದ್ದ್ ನಿಂತ್ ನೋಡ್ಲಿ,’ ಎಂದರು.

ಉಳಿದಿದ್ದ ಒಂದು ಬಟ್ಟೆಯನ್ನು ತೋರಿಸಿ, ಇದನ್ನೂ ಹೀಗೆಯೇ ಹೊಲಿದಿಡಿ, ಬುಧವಾರ ಸಂಜೆ ಶಾಲೆ ಮುಗಿಸಿಕೊಂಡು ಬಂದು ತೆಗೆದುಕೊಳ್ಳುತ್ತೇನೆ ಎಂದು ಹೇಳಿ, ಹಾಕಿಕೊಂಡಿದ್ದ ರವಿಕೆಯನ್ನು ಬಿಚ್ಚದೆ ಅದರಲ್ಲೇ ಬಿಸಿಲಿಗೆ ಇಳಿದು ಮನೆಗೆ ಹೋದರು.